ಒಂದು ಡಿಸ್ಟ್ರಾಯರ್‌ನ ಜಾತಕ ಬರೆಯೋದು ಹೇಗೆ

ಡಿಸ್ಟ್ರಾಯರ್ ಅಂದರೆ ಸಣ್ಣ, ವೇಗದ ಯುದ್ಧದ ಹಡಗು. ಅದರ ಹುಟ್ಟಿನಿಂದ ಕೊನೆಯವರೆಗಿನ ಓಡಾಟವನ್ನು ಸಾಲು ಸಾಲಾಗಿ ಬರೆದರೆ ಅದೇ ಜಾತಕ. ಮೊದಲು ಒಂದು ಲೆಡ್ಜರ್ ತಗೊಳ್ಳಿ. ಕಂಪ್ಯೂಟರ್ ಆಮೇಲೆ. ನನ್ನದು ಮುಂಬೈನ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಲ್ಲಿ ಕೊಂಡದ್ದು. ಇನ್ನೂರು ಪುಟ, ಕೆಂಪು ಬೆನ್ನು, ಗಟ್ಟಿ ರಟ್ಟು. ಅಂಗಡಿಯವನು "ಯಾವ ಸೊಸೈಟಿ?" ಎಂದು ಕೇಳಿದ. "ಸೊಸೈಟಿ ಅಲ್ಲ, ಜಪಾನಿನ ಯುದ್ಧದ ಹಡಗು" ಎಂದೆ. ಅವನು ಮತ್ತೇನೂ ಕೇಳದೆ ಚಿಲ್ಲರೆ ಎಣಿಸಿ ಕೊಟ್ಟ.

ನಾನು ಹೊನ್ನಾವರದವನು. ಮೂವತ್ತೊಂದು ವರ್ಷ ಇಲ್ಲಿಯ ಒಂದು ಹಡಗು ರಿಪೇರಿ ಯಾರ್ಡ್‌ನಲ್ಲಿ ಗುಮಾಸ್ತನಾಗಿದ್ದೆ. ದಿನಾ ಡೊಂಬಿವಲಿಯಿಂದ ಹೊರಟು, ಕುರ್ಲಾದಲ್ಲಿ ಇಳಿದು, ಹಾರ್ಬರ್ ಲೈನ್ ಹಿಡಿದು ಡಾಕ್‌ಯಾರ್ಡ್ ರೋಡ್. ಯಾವ ಹಡಗು ಯಾವತ್ತು ಡ್ರೈ ಡಾಕ್‌ಗೆ ಬಂತು, ಎಷ್ಟು ಪ್ಲೇಟ್ ಬದಲಾಯಿತು, ಯಾವತ್ತು ಮತ್ತೆ ನೀರಿಗೆ ಇಳಿಯಿತು, ಇದನ್ನು ಬರೆಯುವುದೇ ನನ್ನ ಕೆಲಸ. ಹಾಗಾಗಿ ಯುದ್ಧದ ಕಥೆ ಓದುವಾಗಲೂ ನನಗೆ ಮೊದಲು ಬರುವ ಪ್ರಶ್ನೆ ಒಂದೇ: ಆಮೇಲೆ ಯಾವ ಡಾಕ್‌ಗೆ ಹೋಯಿತು?

ಈ ಚಟ ಹತ್ತಿಸಿದವರು ನಮ್ಮ ಅಜ್ಜನ ತಮ್ಮ. ಯುದ್ಧದ ಕಾಲದಲ್ಲಿ ಅವರು ಸರಕಿನ ಹಡಗಿನಲ್ಲಿ ಖಲಾಸಿ. 1942ರ ಏಪ್ರಿಲ್‌ನಲ್ಲಿ ಜಪಾನಿನ ನೌಕಾಪಡೆ ಬಂಗಾಳ ಕೊಲ್ಲಿಗೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಸರಕಿನ ಹಡಗುಗಳನ್ನು ಮುಳುಗಿಸಿತು. ಆಗ ಅವರು ಜ್ವರ ಬಂದು ಕಲ್ಕತ್ತದಲ್ಲಿ ಉಳಿದಿದ್ದರಂತೆ. "ಆ ಜ್ವರಕ್ಕೆ ಕೈ ಮುಗಿಬೇಕು" ಎನ್ನುತ್ತಿದ್ದರು. ಯಾವ ಹಡಗು, ಯಾವ ತಾರೀಕು ಎಂದು ಕೇಳಿದರೆ ಮಾತ್ರ ಉತ್ತರ ಇರಲಿಲ್ಲ. ಕಥೆ ಇತ್ತು, ಸಾಲು ಇರಲಿಲ್ಲ.

ಹಡಗು ಆರಿಸುವಾಗ

ಡಿಸ್ಟ್ರಾಯರನ್ನೇ ಆರಿಸಿ. ದೊಡ್ಡ ಯುದ್ಧನೌಕೆಗಳು ವರ್ಷಗಟ್ಟಲೆ ಬಂದರಿನಲ್ಲಿ ಲಂಗರು ಹಾಕಿ ಕೂತಿದ್ದವು. ಡಿಸ್ಟ್ರಾಯರ್‌ಗಳಿಗೆ ಆ ಪುಣ್ಯ ಇರಲಿಲ್ಲ. ಕಾವಲು, ಸೈನಿಕರ ಸಾಗಣೆ, ಮುಳುಗಿದವರನ್ನು ಎತ್ತುವುದು, ಜಲಾಂತರ್ಗಾಮಿಯ ಬೇಟೆ, ಎಲ್ಲದಕ್ಕೂ ಅವೇ. ನಮ್ಮ ಯಾರ್ಡ್‌ನ ಭಾಷೆಯಲ್ಲಿ ಹೇಳಬೇಕಂದರೆ, ಅಂಬಾಸಿಡರ್ ಅಲ್ಲ, ಟೆಂಪೊ. ಓಡಾಟ ಜಾಸ್ತಿ ಇದ್ದಲ್ಲಿ ಸಾಲೂ ಜಾಸ್ತಿ.

ನಮ್ಮ ಕಡಲಿಗೆ ಹತ್ತಿರದ್ದು ಬೇಕೆಂದರೆ ಅಮಾಗಿರಿ ಇದೆ. 1942ರ ಏಪ್ರಿಲ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ಹಡಗು ಅದು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಸೊಲೊಮನ್ ದ್ವೀಪಗಳ ಹತ್ತಿರ ಕತ್ತಲಲ್ಲಿ ಒಂದು ಅಮೆರಿಕನ್ ಟಾರ್ಪೆಡೊ ದೋಣಿಯನ್ನು ಎರಡು ತುಂಡು ಮಾಡಿತು. ಆ ದೋಣಿಯ ಕಮಾಂಡರ್ ಜಾನ್ ಕೆನಡಿ, ಆಮೇಲೆ ಅಮೆರಿಕದ ಅಧ್ಯಕ್ಷ ಆದವರು. ಅಂಡಮಾನ್ ಬೇಕೆಂದರೆ ಕಾಮಿಕಾಜೆ ಇದೆ. 1945ರ ಮೇ ತಿಂಗಳಲ್ಲಿ ಹಾಗುರೊ ಎಂಬ ಕ್ರೂಸರ್ (ಡಿಸ್ಟ್ರಾಯರ್‌ಗಿಂತ ದೊಡ್ಡ ಯುದ್ಧದ ಹಡಗು) ಜೊತೆ ಅಂಡಮಾನ್‌ಗೆ ಸಾಮಾನು ಒಯ್ಯಲು ಹೊರಟಿತ್ತು. ಮೇ 16ರ ಬೆಳಗಿನ ಜಾವ ಮಲಕ್ಕಾ ಜಲಸಂಧಿಯಲ್ಲಿ ಬ್ರಿಟಿಷರ ಐದು ಡಿಸ್ಟ್ರಾಯರ್‌ಗಳು ಸುತ್ತುವರಿದು ಹಾಗುರೊವನ್ನು ಮುಳುಗಿಸಿದವು. ಕಾಮಿಕಾಜೆ ತಪ್ಪಿಸಿಕೊಂಡಿತು, ಆಮೇಲೆ ವಾಪಸ್ ಬಂದು ಬದುಕಿದ್ದವರನ್ನು ಎತ್ತಿಕೊಂಡಿತು. ಆದರೆ ಈ ಹೆಸರಿನಲ್ಲಿ ಹುಡುಕಿದರೆ ಆತ್ಮಾಹುತಿ ವಿಮಾನಗಳೇ ರಾಶಿ ಬೀಳುತ್ತವೆ. ಈ ಹಡಗಿಗೂ ಅದಕ್ಕೂ ಸಂಬಂಧ ಇಲ್ಲ. ಹಡಗು 1922ರದ್ದು. ಹೊಸಬರು ಇದನ್ನು ಮುಟ್ಟಬೇಡಿ, ತಲೆ ಕೆಡುತ್ತದೆ.

ನಾನು ಬರೆದದ್ದು ಯುಕಿಕಾಜೆಯದ್ದು. ಅದು ನನ್ನ ಆಯ್ಕೆಯೂ ಅಲ್ಲ. ತಂಗಿಯ ಮೊಮ್ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ಮೊಬೈಲ್ ಗೇಮ್ ತೋರಿಸಿ, "ಅಜ್ಜಾ, ಇದು ಲಕ್ಕಿ ಹಡಗು. ಇಡೀ ಯುದ್ಧದಲ್ಲಿ ಮುಳುಗಲೇ ಇಲ್ಲ" ಎಂದ. "ನನ್ನ ಲೆಡ್ಜರ್‌ನಲ್ಲಿ ಲಕ್‌ಗೆ ಕಾಲಂ ಇಲ್ಲ ಮಾರಾಯ" ಎಂದೆ. ಹಾಗೆ ಶುರುವಾಯಿತು.

ಹೆಸರು ಸರಿ ಮಾಡಿಕೊಳ್ಳಿ

ಜಪಾನಿನವರು ಡಿಸ್ಟ್ರಾಯರ್‌ಗಳಿಗೆ ಗಾಳಿ, ಮಳೆ, ಹಿಮ, ಅಲೆ, ಮಂಜಿನ ಹೆಸರು ಇಡುತ್ತಿದ್ದರು. 'ಕಾಜೆ' ಅಂದರೆ ಗಾಳಿ. ಯುಕಿಕಾಜೆ ಅಂದರೆ ಹಿಮಗಾಳಿ. ಹಾಮಾಕಾಜೆ ಕಡಲತೀರದ ಗಾಳಿ. ಹಾತ್ಸುಕಾಜೆ ಮೊದಲ ಗಾಳಿ. ಹೆಸರು ಚೆನ್ನಾಗಿದೆ, ಆದರೆ ಮತ್ತೆ ಮತ್ತೆ ಇಟ್ಟಿದ್ದಾರೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೆ. ಹಾಮಾಕಾಜೆ, ಇಸೊಕಾಜೆ, ಅಮಾತ್ಸುಕಾಜೆ ಮೊದಲ ಮಹಾಯುದ್ಧದ ಕಾಲದಲ್ಲೂ ಇದ್ದವು, ಎರಡನೆಯದರಲ್ಲೂ ಇದ್ದವು. ಯುಕಿಕಾಜೆ ಎಂಬ ಹೆಸರನ್ನು ಯುದ್ಧ ಮುಗಿದ ಮೇಲೆ 1950ರ ದಶಕದಲ್ಲಿ ಇನ್ನೊಂದು ಹಡಗಿಗೆ ಕೊಟ್ಟರು. ಅದಕ್ಕೇ ಮೊದಲ ಪುಟದಲ್ಲಿ ಹೆಸರಿನ ಪಕ್ಕ ಹುಟ್ಟಿದ ವರ್ಷ ಬರೆಯಿರಿ.

ಹುಟ್ಟು ಅಂದರೆ ಯಾವುದು? ಭಟ್ಟರು ಜಾತಕಕ್ಕೆ ಒಂದೇ ಗಳಿಗೆ ಕೇಳುತ್ತಾರೆ. ಹಡಗಿಗೆ ಮೂರು ಗಳಿಗೆ. ಸಾಸೆಬೊ ನೌಕಾ ಕಾರ್ಖಾನೆಯಲ್ಲಿ ಯುಕಿಕಾಜೆಯ ಕೀಲ್, ಅಂದರೆ ತಳದ ಬೆನ್ನೆಲುಬು, ಇಟ್ಟದ್ದು 1938ರ ಆಗಸ್ಟ್ 2. ನೀರಿಗೆ ಇಳಿಸಿದ್ದು 1939ರ ಮಾರ್ಚ್ 24. ಕೆಲಸ ಮುಗಿದು ನೌಕಾಪಡೆಗೆ ಸೇರಿದ್ದು 1940ರ ಜನವರಿ 20. ಮೂರನ್ನೂ ಬರೆಯಿರಿ. ವಯಸ್ಸು ಲೆಕ್ಕ ಹಾಕುವುದು ಮೂರನೆಯದರಿಂದ. ನಮ್ಮ ಹಳೆಯ ವಿಕ್ರಾಂತ್ ನೆನಪಿದೆಯಲ್ಲ? ಅದು 1945ರಲ್ಲೇ ಹರ್ಕ್ಯುಲೀಸ್ ಎಂಬ ಹೆಸರಿನಲ್ಲಿ ನೀರಿಗಿಳಿದಿತ್ತು. ಅರ್ಧ ಕೆಲಸದಲ್ಲಿ ವರ್ಷಗಟ್ಟಲೆ ಕೂತು, 1961ರಲ್ಲಿ ನಮ್ಮ ಧ್ವಜ ಹಾರಿಸಿತು. ಒಂದೇ ತಾರೀಕು ಬರೆದರೆ ಆ ಹದಿನಾರು ವರ್ಷ ಎಲ್ಲಿ ಹೋಯಿತು ಎಂದು ಮೊಮ್ಮಕ್ಕಳು ಕೇಳುತ್ತಾರೆ.

ಅದೇ ಪುಟದಲ್ಲಿ ಅಳತೆ. ಉದ್ದ 118.5 ಮೀಟರ್, ಅಗಲ 10.8. ಹಾವಿನ ಹಾಗೆ ಸಪೂರ. 52,000 ಅಶ್ವಶಕ್ತಿ, 35 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್. 127 ಮಿಲಿಮೀಟರ್‌ನ ಆರು ತೋಪು, 610 ಮಿಲಿಮೀಟರ್‌ನ ಎಂಟು ಟಾರ್ಪೆಡೊ ನಳಿಗೆ. ಸುಮಾರು 240 ಜನ. ಕಾಗೆರೊ ಎಂಬ ವರ್ಗದ 19 ಹಡಗುಗಳಲ್ಲಿ ಇದೂ ಒಂದು. ಇಷ್ಟು ಸಾಕು. ಇದರ ಮೇಲೆ ವಾರಗಟ್ಟಲೆ ಕೂರುವವರಿದ್ದಾರೆ. ಅದು ಕ್ಯಾಟಲಾಗ್, ಜಾತಕ ಅಲ್ಲ.

ಕಾಲಂ ಎಳೆಯಿರಿ

ಎಂಟು ಬೇಕು: ತಾರೀಕು, ಗಂಟೆ, ಜಾಗ, ಕೆಲಸ, ಜೊತೆಗಾರರು, ಪೆಟ್ಟು-ರಿಪೇರಿ, ಯಾರು ಹೇಳಿದ್ದು, ಷರಾ. ಜಾಸ್ತಿ ಜಾಗ ಜೊತೆಗಾರರಿಗೆ ಬಿಡಿ. ನಾನು ಮೊದಲು ಬಿಡಲಿಲ್ಲ. ಮೂರನೇ ಪುಟಕ್ಕೆ ಎಲ್ಲ ಹರಿದು ಮತ್ತೆ ಎಳೆಯಬೇಕಾಯಿತು.

ಮಾಹಿತಿ ಎಲ್ಲಿಂದ? ಜಪಾನಿನ ರಾಷ್ಟ್ರೀಯ ಪತ್ರಾಗಾರದ ಏಷ್ಯಾ ಇತಿಹಾಸ ದಾಖಲೆ ಕೇಂದ್ರ 2001ರಿಂದ ಹಳೆಯ ಕಾಗದಗಳ ಚಿತ್ರಗಳನ್ನು ಪುಕ್ಕಟೆ ನೋಡಲು ಬಿಟ್ಟಿದೆ. ಎರಡು ಪದ ನೆನಪಿಟ್ಟುಕೊಳ್ಳಿ. 'ಸೆಂಜಿ ನಿಸ್ಶಿ' ಅಂದರೆ ಯುದ್ಧಕಾಲದ ದಿನಚರಿ. 'ಸೆಂತೊ ಶೋಹೊ' ಅಂದರೆ ಒಂದು ಕಾಳಗದ ವಿವರ ವರದಿ. ಹುಡುಕುವಾಗ ಹಡಗಿನ ಹೆಸರಿಗಿಂತ ಅದರ ದಳದ ನಂಬರ್ ಹಾಕಿದರೆ ಜಾಸ್ತಿ ಸಿಗುತ್ತದೆ. ಡಿಸ್ಟ್ರಾಯರ್‌ಗಳು ನಾಲ್ಕು ನಾಲ್ಕರ ಗುಂಪಿನಲ್ಲಿ ಇರುತ್ತಿದ್ದವು, ದಿನಚರಿಯೂ ಗುಂಪಿನದ್ದೇ. ಯುಕಿಕಾಜೆ ಮೊದಲು 16ನೇ ದಳ, 1944ರ ಮಾರ್ಚ್‌ನಿಂದ 17ನೇ ದಳ. 1945ರ ಆಗಸ್ಟ್‌ನಲ್ಲಿ ಶರಣಾಗುವ ಹೊತ್ತಿಗೆ ಜಪಾನಿನ ಸೇನೆ ರಾಶಿ ರಾಶಿ ಕಾಗದ ಸುಟ್ಟಿತು. ಅದಕ್ಕೇ ಕೆಲವು ತಿಂಗಳು ಖಾಲಿ ಇರುತ್ತವೆ. ಖಾಲಿಯನ್ನು ಖಾಲಿಯೇ ಬಿಡಿ. ಹಿಂದಿನ ಸಾಲಿನಿಂದ ಊಹಿಸಿ ತುಂಬಬೇಡಿ.

ಜಪಾನಿ ಭಾಷೆ ಬರಲ್ಲ ಅಂತ ಹೆದರಬೇಡಿ. ನನಗೂ ಬರಲ್ಲ. ಅಂಕಿಗಳು, ತಿಂಗಳು, ದಿನ, ಗಂಟೆ, 'ಬಂದರು ಬಿಟ್ಟಿತು', 'ಬಂದರಿಗೆ ಬಂತು', ಐದಾರು ಬಂದರಿನ ಹೆಸರು, ಎಲ್ಲ ಸೇರಿ ಮೂವತ್ತು ನಲವತ್ತು ಅಕ್ಷರ. ಎರಡು ವಾರದಲ್ಲಿ ಕಣ್ಣಿಗೆ ಕೂರುತ್ತವೆ. ನಾನು ಲೋಕಲ್‌ನಲ್ಲೇ ಕಲಿತೆ. ಠಾಣೆ ಬರುವಷ್ಟರಲ್ಲಿ ದಿನಕ್ಕೆ ನಾಲ್ಕು. 'ಹಿಮ'ದ ಅಕ್ಷರದ ತಲೆಯ ಮೇಲೆ 'ಮಳೆ'ಯ ಅಕ್ಷರ ಕೂತಿರುತ್ತದೆ. ಒಮ್ಮೆ ನೋಡಿದರೆ ಮರೆಯಲ್ಲ.

ವರ್ಷದಲ್ಲಿ ಒಂದು ಗುಂಡಿ ಇದೆ. ಆ ಕಾಗದಗಳಲ್ಲಿ 1942 ಅಂತ ಇರಲ್ಲ, 17 ಅಂತ ಇರುತ್ತದೆ. ಅದು ಶೋವಾ ಚಕ್ರವರ್ತಿಯ ಹದಿನೇಳನೇ ವರ್ಷ. 1925 ಕೂಡಿಸಿದರೆ ನಮ್ಮ ಇಸವಿ. ಶಕ ವರ್ಷಕ್ಕೆ 78 ಕೂಡಿಸುತ್ತೇವಲ್ಲ, ಹಾಗೇ.

ಗಂಟೆಯ ಕಾಲಂ

ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದರೆ ನಾನು ಬಿದ್ದದ್ದು ಇಲ್ಲೇ. ಇಲ್ಲಿಯ ಒಂದು ಕನ್ನಡ ಸಂಘದ ಸಂಚಿಕೆಗೆ ಯುಕಿಕಾಜೆ ಬಗ್ಗೆ ಬರೆದುಕೊಟ್ಟಿದ್ದೆ. ಅದರಲ್ಲಿ ಗ್ವಾಡಲ್‌ಕನಾಲ್ ದ್ವೀಪದ ಹತ್ತಿರ 1942ರ ನವೆಂಬರ್ 12ರ ರಾತ್ರಿ ಒಂದು ಕಾಳಗ, 13ರ ಬೆಳಗಿನ ಜಾವ ಇನ್ನೊಂದು ಎಂದು ಎರಡು ಸಾಲು ಬರೆದಿದ್ದೆ. ಅಚ್ಚಾದ ಮೇಲೆ ನೋಡಿದರೆ ಎರಡೂ ಒಂದೇ. ಯಾರೂ ಗಮನಿಸಲಿಲ್ಲ ಅನ್ನುವುದು ಬೇರೆ ಬೇಸರ.

ಆದದ್ದು ಹೀಗೆ. ಜಪಾನಿನ ನೌಕಾಪಡೆ ಎಲ್ಲಿ ಇದ್ದರೂ ಟೋಕಿಯೊ ಗಡಿಯಾರದಲ್ಲೇ ಬರೆಯುತ್ತಿತ್ತು. ಅಮೆರಿಕನ್ನರು ಅಲ್ಲಲ್ಲಿಯ ಗಡಿಯಾರದಲ್ಲಿ ಬರೆಯುತ್ತಿದ್ದರು. ಗ್ವಾಡಲ್‌ಕನಾಲ್‌ನಲ್ಲಿ ಅಮೆರಿಕನ್ ಗಡಿಯಾರ ಎರಡು ಗಂಟೆ ಮುಂದೆ. ಅಮೆರಿಕದ ಹೆಲೆನಾ ಎಂಬ ಕ್ರೂಸರ್‌ನ ರೇಡಾರ್‌ಗೆ ಜಪಾನಿನ ಹಡಗುಗಳು ಮೊದಲು ಕಂಡಿದ್ದು 13ರ ಬೆಳಗಿನ ಜಾವ 1:24ಕ್ಕೆ. ಎರಡು ಗಂಟೆ ಕಳೆಯಿರಿ. ಟೋಕಿಯೊದಲ್ಲಿ ಅದು 12ರ ರಾತ್ರಿ 11:24. ಗಂಟೆಯ ಜೊತೆ ತಾರೀಕೂ ಬದಲಾಯಿತು, ಅಲ್ವಾ? ಮಿಡ್‌ವೇ ಕಾಳಗವೂ ಹಾಗೇ. ಅಮೆರಿಕನ್ನರಿಗೆ ಜೂನ್ 4, ಜಪಾನಿನವರಿಗೆ ಜೂನ್ 5.

ನಾವು ನಗುವ ಹಾಗಿಲ್ಲ. ಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ, ಭಾರತದ ಗಡಿಯಾರವನ್ನೂ ಒಂದು ಗಂಟೆ ಮುಂದೆ ತಿರುಗಿಸಿದ್ದರು. ಮುಂಬೈನಲ್ಲಂತೂ 39 ನಿಮಿಷ ಹಿಂದಿರುವ 'ಬಾಂಬೆ ಟೈಮ್' 1955ರವರೆಗೂ ಉಳಿದಿತ್ತು. ನಮ್ಮ ದೊಡ್ಡವರು ಮದುವೆ ಕಾಗದ ನೋಡಿ "ಯಾವ ಟೈಮು?" ಎಂದು ಕೇಳುತ್ತಿದ್ದರು. ಲೆಡ್ಜರ್ ಬರೆಯುವವರೂ ಅದನ್ನೇ ಕೇಳಬೇಕು. ನಾನು ಎಲ್ಲವನ್ನೂ ಟೋಕಿಯೊಗೆ ತಿರುಗಿಸಿ ಬರೆಯುತ್ತೇನೆ. ಅಮೆರಿಕನ್ ಗಂಟೆ ಷರಾದಲ್ಲಿ.

ಆ ಸಾಲು ಈಗ ಹೀಗಿದೆ. ತಾರೀಕು: 12-11-1942. ಗಂಟೆ: ರಾತ್ರಿ 11:24ರಿಂದ. ಜಾಗ: ಗ್ವಾಡಲ್‌ಕನಾಲ್‌ನ ಉತ್ತರಕ್ಕೆ. ಕೆಲಸ: ಹಿಯೇ, ಕಿರಿಶಿಮಾ ಎಂಬ ಎರಡು ಯುದ್ಧನೌಕೆಗಳಿಗೆ ಕಾವಲು. ಷರಾ: ಹಿಯೇ ಕೆಟ್ಟು ನಿಂತಿತು, ಅಡ್ಮಿರಲ್ ಅಬೆ ಹಿರೊಆಕಿ ಅಲ್ಲಿಂದ ಇಳಿದು ಯುಕಿಕಾಜೆಗೆ ಬಂದರು, ಮರುದಿನ ಹಿಯೇ ಮುಳುಗಿತು. ಇಡೀ ಕಾಳಗಕ್ಕೆ ಇಷ್ಟೇ. ಬಣ್ಣ ಹಚ್ಚುವುದಿದ್ದರೆ ಬೇರೆ ನೋಟ್‌ಬುಕ್ ಇಡಿ.

ಬೇಜಾರಿನ ಸಾಲುಗಳನ್ನು ಬಿಡಬೇಡಿ

ಎಲ್ಲರೂ ಕಾಳಗದಿಂದ ಕಾಳಗಕ್ಕೆ ಹಾರುತ್ತಾರೆ. ಜಾವಾ ಸಮುದ್ರ, ಮಿಡ್‌ವೇ, ಸಾಂತಾ ಕ್ರೂಜ್, ಹೀಗೆ. ಆದರೆ ಮಿಡ್‌ವೇಯಲ್ಲಿ ಈ ಹಡಗು ಮಾಡಿದ್ದೇನು? ಸೈನಿಕರನ್ನು ತುಂಬಿದ ಸಾಗಣೆ ಹಡಗುಗಳಿಗೆ ಕಾವಲು. ಜಪಾನಿನ ನಾಲ್ಕು ವಿಮಾನವಾಹಕಗಳು ಉರಿದದ್ದು ಬೇರೆ ಕಡೆ. 1943ರ ಫೆಬ್ರವರಿಯಲ್ಲಿ ಡಿಸ್ಟ್ರಾಯರ್‌ಗಳು ಮೂರು ಸಲ ಗ್ವಾಡಲ್‌ಕನಾಲ್‌ಗೆ ಹೋಗಿ ಹಸಿದು ಮೂಳೆಯಾಗಿದ್ದ 10,000ಕ್ಕೂ ಹೆಚ್ಚು ಸೈನಿಕರನ್ನು ವಾಪಸ್ ತಂದವು. ಯುಕಿಕಾಜೆಯೂ ಇತ್ತು. ಸಿನಿಮಾದವರಿಗೆ ಇದು ಬೇಡ. ಲೆಡ್ಜರ್‌ಗೆ ಬೇಕು.

ನನ್ನ ಮೆಚ್ಚಿನ ಸಾಲು 1944ರ ಮೇ ತಿಂಗಳದ್ದು. ತಾವಿತಾವಿ ಎಂಬ ಲಂಗರುತಾಣದಲ್ಲಿ ಯುಕಿಕಾಜೆ ಬಂಡೆಗೆ ತಾಗಿ ಪ್ರೊಪೆಲರ್ ಕೆಡಿಸಿಕೊಂಡಿತು. ವೇಗ ಬಿತ್ತು. ಹತ್ತಿರದಲ್ಲಿ ಸರಿಯಾದ ಡಾಕ್ ಇಲ್ಲ. ಹಾಗಾಗಿ ಜೂನ್‌ನಲ್ಲಿ ಫಿಲಿಪೀನ್ ಸಮುದ್ರದ ದೊಡ್ಡ ಕಾಳಗದ ಹೊತ್ತಿಗೆ ಇದನ್ನು ವಿಮಾನವಾಹಕಗಳ ಜೊತೆ ಬಿಡದೆ ಎಣ್ಣೆ ಹಡಗುಗಳ ಕಾವಲಿಗೆ ಹಾಕಿದರು. ಪ್ರೊಪೆಲರ್‌ನ ಅಂಚು ಒಂದು ಗೇಣು ಬಾಗಿದರೂ ಇಡೀ ಶಾಫ್ಟ್ ನಡುಗುತ್ತದೆ. ನಮ್ಮ ಯಾರ್ಡ್‌ಗೆ ಅಂಥ ಒಂದು ಟಗ್ ಬಂದಿತ್ತು. ಇಂಜಿನ್ ಶುರು ಮಾಡಿದರೆ ಮೆಸ್‌ನಲ್ಲಿ ಚಹಾ ಲೋಟಗಳು ಮೇಜಿನ ತುದಿವರೆಗೆ ನಡೆದು ಹೋಗುತ್ತಿದ್ದವು. ಮೂವತ್ತೈದು ನಾಟ್‌ನ ಹಡಗಿಗೆ ಹಾಗಾದರೆ ಅದು ಓಟಕ್ಕೆ ಬರಲ್ಲ. ಹುಡುಗ ಇದನ್ನು ಲಕ್ ಎನ್ನುತ್ತಾನೆ. ನಾನು 'ಪೆಟ್ಟು-ರಿಪೇರಿ' ಕಾಲಂನಲ್ಲಿ ಬರೆದೆ.

ಅದೇ ಕಾಲಂನಲ್ಲಿ ಆಯುಧದ ಬದಲಾವಣೆಯನ್ನೂ ಬರೆಯಿರಿ. ಯುದ್ಧ ನಡುವೆ ಬಂದಾಗ ಈ ವರ್ಗದ ಹಡಗುಗಳ ಹಿಂದಿನ ಎರಡು ತೋಪಿನ ಗೋಪುರಗಳಲ್ಲಿ ಒಂದನ್ನು ಕಿತ್ತು, ವಿಮಾನ ಹೊಡೆಯುವ 25 ಮಿಲಿಮೀಟರ್ ಬಂದೂಕು ಕೂರಿಸಿದರು. ರೇಡಾರ್ ಬಂತು. ಮಾಡೆಲ್ ಮಾಡುವವರು ಇದನ್ನು ನೋಡದೆ 1945ರ ಯುಕಿಕಾಜೆಗೆ 1940ರ ಗೋಪುರ ಅಂಟಿಸಿ ಶೋಕೇಸ್‌ನಲ್ಲಿ ಇಡುತ್ತಾರೆ. ನೋಡಿದರೆ ಕೈ ತುರಿಸುತ್ತದೆ.

ಯಾರು ಹೇಳಿದ್ದು

ಕಾಳಗದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ ಅಂತಲ್ಲ. ಹೊಗೆ, ಕತ್ತಲೆ, ಹೆದರಿಕೆ. ದೂರದಲ್ಲಿ ನೀರಿನ ಕಂಬ ಎದ್ದರೆ ಟಾರ್ಪೆಡೊ ತಾಗಿತು ಅನಿಸುತ್ತದೆ. 1944ರ ಅಕ್ಟೋಬರ್‌ನಲ್ಲಿ ಫಾರ್ಮೋಸಾ (ಈಗಿನ ತೈವಾನ್) ಹತ್ತಿರ ಹತ್ತಕ್ಕೂ ಹೆಚ್ಚು ಅಮೆರಿಕನ್ ವಿಮಾನವಾಹಕಗಳನ್ನು ಮುಳುಗಿಸಿದೆವು ಎಂದು ಜಪಾನ್ ಸಾರಿತು. ಮುಳುಗಿದ್ದು ಒಂದೂ ಇಲ್ಲ. ಅದೇ ತಿಂಗಳ 25ರಂದು ಸಮಾರ್ ದ್ವೀಪದ ಹತ್ತಿರ ಯಾಹಾಗಿ ಕ್ರೂಸರ್ ಜೊತೆ ಯುಕಿಕಾಜೆ ಮತ್ತು ಇನ್ನು ಮೂರು ಡಿಸ್ಟ್ರಾಯರ್‌ಗಳು ಟಾರ್ಪೆಡೊ ಬಿಟ್ಟವು. ಅವರ ವರದಿಯಲ್ಲಿ ವಿಮಾನವಾಹಕಗಳು ಮುಳುಗಿವೆ. ಎದುರಾಳಿಯ ಲೆಕ್ಕದಲ್ಲಿ ಆ ಟಾರ್ಪೆಡೊಗಳು ಯಾವುದಕ್ಕೂ ತಾಗಿಲ್ಲ. ನಿಜವಾಗಿ ಆ ದಿನ ಅವರ ಗುಂಡಿಗೆ ಸಿಕ್ಕಿ ಮುಳುಗಿದ್ದು ಅಮೆರಿಕದ ಜಾನ್‌ಸ್ಟನ್ ಎಂಬ, ಆಗಲೇ ಜರ್ಜರಿತವಾಗಿದ್ದ ಡಿಸ್ಟ್ರಾಯರ್.

ಅಮೆರಿಕನ್ನರೂ ಕಮ್ಮಿ ಇಲ್ಲ. ಯುದ್ಧ ಮುಗಿದ ಮೇಲೆ ಅವರದೇ ಒಂದು ಸಮಿತಿ ಕೂತು, ತಮ್ಮ ಜಲಾಂತರ್ಗಾಮಿಗಳು ಮುಳುಗಿಸಿದ್ದೇವೆ ಎಂದಿದ್ದ ಹಡಗುಗಳ ಪಟ್ಟಿಯಿಂದ ಬಹಳಷ್ಟನ್ನು ಹೊಡೆದು ಹಾಕಿತು. ನನ್ನ ಲೆಕ್ಕ ಸರಳ: ಹಡಗು ತನ್ನ ಮೇಲೆ ಬಿದ್ದ ಪೆಟ್ಟಿನ ಬಗ್ಗೆ ಹೇಳಿದರೆ ನಂಬಿ, ತಾನು ಕೊಟ್ಟ ಪೆಟ್ಟಿನ ಬಗ್ಗೆ ಹೇಳಿದರೆ ಎದುರಿನವರ ಲೆಡ್ಜರ್ ನೋಡಿ. ನಮ್ಮ ಯಾರ್ಡ್‌ನ ಕಾಂಟ್ರಾಕ್ಟರ್‌ಗಳ ಬಿಲ್ಲಿಗೂ ನಾನು ಇದನ್ನೇ ಮಾಡುತ್ತಿದ್ದೆ.

ಜೊತೆಗಾರರ ಕಾಲಂ

ಇದನ್ನು ತುಂಬಲು ಹುಡುಗನಿಗೆ ಕೊಟ್ಟೆ. ಅವನ ಅಕ್ಷರ ನನಗಿಂತ ದುಂಡು. ಮೊದಲ ಪುಟಗಳಲ್ಲಿ ನಾಲ್ಕು ಹೆಸರು ಒಟ್ಟಿಗೆ ಬರುತ್ತವೆ: ಯುಕಿಕಾಜೆ, ಹಾತ್ಸುಕಾಜೆ, ಅಮಾತ್ಸುಕಾಜೆ, ತೊಕಿತ್ಸುಕಾಜೆ. ಅದೇ 16ನೇ ದಳ. ಅವನು ಬೇಸತ್ತು, "ಅಜ್ಜಾ, 'ಮೇಲಿನಂತೆ' ಅಂತ ಹಾಕ್ಲಾ?" ಎಂದ. ಬೇಡ, ಪ್ರತಿ ಸಲ ಪೂರ್ತಿ ಬರಿ ಎಂದೆ.

1943ರ ಮಾರ್ಚ್ ಬಂತು. ಬಿಸ್ಮಾರ್ಕ್ ಸಮುದ್ರ. ಎಂಟು ಸಾಗಣೆ ಹಡಗು, ಎಂಟು ಡಿಸ್ಟ್ರಾಯರ್ ಹೊರಟಿದ್ದವು. 2ನೇ ತಾರೀಕು ಒಂದು ಸಾಗಣೆ ಹಡಗು ಮುಳುಗಿತು. ಅದರ ಜನರನ್ನು ಎತ್ತಿಕೊಂಡು ಯುಕಿಕಾಜೆ ಮತ್ತು ಅಸಾಗುಮೊ ರಾತ್ರೋರಾತ್ರಿ ಲೇ ಬಂದರಿಗೆ ಓಡಿ ಇಳಿಸಿ ಬಂದವು. ಮರುದಿನ ವಿಮಾನಗಳು ತಗ್ಗಿನಲ್ಲಿ ಬಂದು ಹೊಡೆದವು. ಎಂಟೂ ಸಾಗಣೆ ಹಡಗು ಹೋದವು, ನಾಲ್ಕು ಡಿಸ್ಟ್ರಾಯರ್ ಹೋದವು. ತೊಕಿತ್ಸುಕಾಜೆ ಅದರಲ್ಲಿ ಒಂದು. ಹುಡುಗ ಮೂರು ಹೆಸರು ಬರೆದ. ನವೆಂಬರ್‌ನಲ್ಲಿ ಹಾತ್ಸುಕಾಜೆ ಹೋಯಿತು. ಎರಡು. 1944ರ ಜನವರಿಯಲ್ಲಿ ಅಮಾತ್ಸುಕಾಜೆಗೆ ಟಾರ್ಪೆಡೊ ತಾಗಿ ಮೂತಿಯೇ ಮುರಿಯಿತು. ಒಂದು.

ಆಮೇಲೆ 17ನೇ ದಳದ ಹೆಸರುಗಳು: ಉರಾಕಾಜೆ, ಇಸೊಕಾಜೆ, ತಾನಿಕಾಜೆ, ಹಾಮಾಕಾಜೆ. ಈಗ ಐದಾಯಿತು ಎಂದು ಹುಡುಗನಿಗೆ ಖುಷಿ. ಜೂನ್‌ನಲ್ಲಿ ತಾನಿಕಾಜೆ ಹೋಯಿತು. ನಾಲ್ಕು. 1944ರ ನವೆಂಬರ್ 21ರಂದು ಸೀಲಯನ್ ಎಂಬ ಅಮೆರಿಕನ್ ಜಲಾಂತರ್ಗಾಮಿ ಕೊಂಗೊ ಯುದ್ಧನೌಕೆಯನ್ನೂ ಉರಾಕಾಜೆಯನ್ನೂ ಮುಳುಗಿಸಿತು. ಉರಾಕಾಜೆಯಿಂದ ಒಬ್ಬರೂ ಉಳಿಯಲಿಲ್ಲ. ಎಂಟು ದಿನ ಬಿಟ್ಟು, ಉಳಿದ ಮೂರೂ ಕಾವಲಿದ್ದ ಹೊಸ ವಿಮಾನವಾಹಕ ಶಿನಾನೊ ಮುಳುಗಿತು. ಅದು ನೌಕಾಪಡೆಗೆ ಸೇರಿ ಹತ್ತೇ ದಿನ ಆಗಿತ್ತು.

1945ರ ಏಪ್ರಿಲ್ 7. ಯಾಮಾತೊ ಎಂಬ ಭಾರೀ ಯುದ್ಧನೌಕೆ, ಒಂದು ಕ್ರೂಸರ್, ಎಂಟು ಡಿಸ್ಟ್ರಾಯರ್ ಒಕಿನಾವಾ ಕಡೆ ಹೊರಟಿದ್ದವು. ಮೇಲೆ ವಿಮಾನದ ರಕ್ಷಣೆ ಇಲ್ಲ. ಯುಕಿಕಾಜೆಯ ಕ್ಯಾಪ್ಟನ್ ತೆರಾವುಚಿ ಮಾಸಾಮಿಚಿ ಮೇಲ್ಛಾವಣಿಯ ಕಿಂಡಿಯಿಂದ ತಲೆ ಹೊರಗೆ ಹಾಕಿ ಬೀಳುವ ಬಾಂಬುಗಳನ್ನು ನೋಡುತ್ತಿದ್ದರಂತೆ. ಕೆಳಗಿದ್ದ ಅಧಿಕಾರಿಯ ಬಲ ಭುಜಕ್ಕೆ ಒದ್ದರೆ ಹಡಗು ಬಲಕ್ಕೆ, ಎಡಕ್ಕೆ ಒದ್ದರೆ ಎಡಕ್ಕೆ. ಯಾಮಾತೊ ಮಧ್ಯಾಹ್ನ 2:23ಕ್ಕೆ ಮುಳುಗಿತು. ಹಾಮಾಕಾಜೆ ಮುಳುಗಿತು. ಇಸೊಕಾಜೆ ಕೆಟ್ಟು ನಿಂತಿತು. ಎಳೆದೊಯ್ಯಲು ಆಗಲ್ಲ ಎಂದು ಅದನ್ನು ಗುಂಡು ಹಾರಿಸಿ ಮುಳುಗಿಸಿದ್ದು ಯುಕಿಕಾಜೆಯೇ. ಎಂಟರಲ್ಲಿ ನಾಲ್ಕು ಡಿಸ್ಟ್ರಾಯರ್ ವಾಪಸ್ ಬಂದವು. ಯುಕಿಕಾಜೆಯಲ್ಲಿ ಸತ್ತವರು ಮೂವರು. ಒಂದು ರಾಕೆಟ್ ಉಗ್ರಾಣಕ್ಕೆ ಬಿದ್ದು ಸಿಡಿಯಲಿಲ್ಲ ಎನ್ನುತ್ತಾರೆ.

"ಇದಕ್ಕೆ ಏನಂತೀರಿ ಅಜ್ಜಾ?" ಎಂದ ಹುಡುಗ.

ನಾನು ಏನೂ ಹೇಳಲಿಲ್ಲ. ಷರಾದಲ್ಲಿ 'ರಾಕೆಟ್ ಸಿಡಿಯಲಿಲ್ಲ' ಎಂದು ಬರೆಸಿದೆ. ಅವನು ಜೊತೆಗಾರರ ಕಾಲಂಗೆ ಬಂದು, ಇಸೊಕಾಜೆ ಹೆಸರು ಬರೆದು, ಸ್ವಲ್ಪ ಹೊತ್ತು ಪೆನ್ ಹಿಡಿದುಕೊಂಡೇ ಕೂತ. ಆಮೇಲೆ ಅವನು ಲಕ್ಕಿ ಹಡಗು ಎಂದದ್ದನ್ನು ನಾನು ಕೇಳಿಲ್ಲ.

ಯುದ್ಧ ಮುಗಿದರೆ ಲೆಡ್ಜರ್ ಮುಗಿಯಲ್ಲ

ಬಹಳ ಜನ 1945ರ ಆಗಸ್ಟ್‌ಗೆ ಪುಸ್ತಕ ಮುಚ್ಚುತ್ತಾರೆ. ತಪ್ಪು. ಯುಕಿಕಾಜೆಯ ಆಯುಧಗಳನ್ನು ತೆಗೆದು, ಹೊರದೇಶಗಳಲ್ಲಿ ಸಿಕ್ಕಿಬಿದ್ದ ಜಪಾನಿಗಳನ್ನು ಊರಿಗೆ ತರಲು ಬಿಟ್ಟರು. 1946ರಲ್ಲಿ 13,000ಕ್ಕೂ ಹೆಚ್ಚು ಜನರನ್ನು ಅದು ಮನೆ ಮುಟ್ಟಿಸಿತು. ಈ ಸಾಲುಗಳಿಗೆ ಹುಡುಗ ಹಸಿರು ಇಂಕ್ ಕೇಳಿದ. ಕೊಟ್ಟೆ. ಆಮೇಲೆ ಗೆದ್ದ ನಾಲ್ಕು ದೇಶಗಳು ಉಳಿದ ಹಡಗುಗಳನ್ನು ಚೀಟಿ ಎತ್ತಿ ಹಂಚಿಕೊಂಡವು. ಯುಕಿಕಾಜೆ ಚೀನಾಕ್ಕೆ ಬಂತು. 1947ರ ಜುಲೈ 6ರಂದು ಶಾಂಘೈನಲ್ಲಿ ಕೈ ಬದಲಾಯಿತು. ಹೊಸ ಹೆಸರು ದಾನ್ ಯಾಂಗ್. 1949ರಲ್ಲಿ ಚೀನಾದ ಸರಕಾರ ತೈವಾನ್‌ಗೆ ಹೋದಾಗ ಇದೂ ಹೋಯಿತು. ಅಲ್ಲಿ ಮೊದಲು ಜಪಾನಿ ತೋಪು, ಆಮೇಲೆ ಅಮೆರಿಕನ್ ತೋಪು.

ಹೆಸರು ಬದಲಾದರೆ ಹೊಸ ಲೆಡ್ಜರ್ ಬೇಡ. ಅದೇ ಪುಟದಲ್ಲಿ ಕೆಂಪು ಗೆರೆ ಎಳೆದು ಮುಂದುವರಿಸಿ. ಸೊಸೆ ಮನೆಗೆ ಬಂದಾಗ ಹೆಸರು ಬದಲಾಯಿಸುತ್ತಾರೆ, ಅವಳ ಹುಟ್ಟಿದ ದಿನ ಬದಲಾಯಿಸುತ್ತಾರಾ?

ಹಡಗನ್ನು ಒಡೆದ ಮೇಲೆ 1971ರಲ್ಲಿ ಲಂಗರು ಮತ್ತು ಇನ್ನೊಂದು ವಸ್ತು ಜಪಾನಿಗೆ ಬಂದವು. ಈಗ ಜಪಾನಿನ ನೌಕಾ ಶಾಲೆ ಇರುವ ಎತಾಜಿಮಾದಲ್ಲಿವೆ. ಆ ಇನ್ನೊಂದು ವಸ್ತು ಏನು? ಇಂಗ್ಲಿಷಿನ ಬರಹಗಳಲ್ಲಿ 'ರಡ್ಡರ್' ಎಂದಿದೆ, ಅಂದರೆ ಹಡಗಿನ ದಿಕ್ಕು ತಿರುಗಿಸುವ, ನೀರಿನೊಳಗಿನ ಹಲಗೆ. ನನಗೆ ಅನುಮಾನ ಬಂತು. ಡಿಸ್ಟ್ರಾಯರ್‌ನ ಆ ಹಲಗೆ ಟನ್‌ಗಟ್ಟಲೆ ಉಕ್ಕು. ಅದನ್ನು ಎತ್ತಲು ನಮ್ಮ ಯಾರ್ಡ್‌ನಲ್ಲಿ ಕ್ರೇನ್ ಕರೆಯಬೇಕಿತ್ತು. ಯಾರು ನೆನಪಿಗೆ ಅಂತ ಅದನ್ನು ಕಡಲು ದಾಟಿಸುತ್ತಾರೆ? ಜಪಾನಿ ಪದ ತೆಗೆದು ನೋಡಿದರೆ ಅದು ಕೈಯಲ್ಲಿ ಹಿಡಿದು ತಿರುಗಿಸುವ ಚಕ್ರ. ಕನ್ನಡದಲ್ಲಿ ನಾವು ಎರಡಕ್ಕೂ ಸುಮ್ನೆ ಚುಕ್ಕಾಣಿ ಅಂದು ಪಾರಾಗುತ್ತೇವೆ. ಲೆಡ್ಜರ್‌ನಲ್ಲಿ ಹಾಗೆ ಪಾರಾಗಬೇಡಿ. 'ಚುಕ್ಕಾಣಿ ಚಕ್ರ' ಎಂದು ಬರೆಯಿರಿ. ಒಂದು ಪ್ರೊಪೆಲರ್ ಮಾತ್ರ ತೈವಾನ್‌ನಲ್ಲೇ, ಝುವೊಯಿಂಗ್‌ನ ನೌಕಾ ಅಕಾಡೆಮಿಯಲ್ಲಿ ಉಳಿದಿದೆ.

ಅಷ್ಟಾದರೂ ಉಳಿಯಿತು. ವಿಕ್ರಾಂತ್ ಅನ್ನು 2014ರಲ್ಲಿ ದಾರುಖಾನಾದಲ್ಲಿ ಒಡೆಯುವಾಗ ರೇ ರೋಡ್ ಸ್ಟೇಷನ್‌ನಿಂದ ನಡೆದು ಹೋಗಿ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಬಿಡಲಿಲ್ಲ. ಗ್ಯಾಸ್ ಕಟರ್‌ನ ವಾಸನೆ ಮಾತ್ರ ಬರುತ್ತಿತ್ತು.

ಲಂಗರು, ಚಕ್ರ, ಪ್ರೊಪೆಲರ್ ಬರೆದಾದ ಮೇಲೆ ಹುಡುಗ ಸ್ಕೇಲ್ ತೆಗೆದು ಕೆಳಗೆ ಎರಡು ಗೆರೆ ಎಳೆಯಲು ಹೊರಟ, ಖಾತೆ ಮುಚ್ಚಿದ ಹಾಗೆ. ತಡಿ ಎಂದೆ. ನಾಲ್ಕು ಸಾಲು ಖಾಲಿ ಬಿಡಿಸಿ, ಆಮೇಲೆ ಎಳೆಸಿದೆ.